ಒಂದೇ ಎರಕ, ಎರಡು ಉತ್ತರ

ಗ್ರಾಫೈಟ್ ಪುಡಿ ಕಲೆಸಿದ ಎಪಾಕ್ಸಿ (ಹೊಯ್ದ ಮೇಲೆ ಗಟ್ಟಿಯಾಗುವ ಅಂಟು) ಎಷ್ಟು ಕರೆಂಟ್ ಬಿಡುತ್ತದೆ ಅಂತ ಅಳೆಯುವುದು ಆಗ ನನ್ನ ಕೆಲಸ. 10 ಮಿ.ಮೀ. ದಪ್ಪದ ಗಟ್ಟಿಗಳನ್ನು ಎರಕ ಹೊಯ್ದು, ಒಂದರಿಂದ ಡೈಮಂಡ್ ಗರಗಸದಲ್ಲಿ ಅರ್ಧ ಮಿ.ಮೀ. ಬಿಲ್ಲೆ ಕೊಯ್ದೆ. ಎರಡೂ ಮುಖಕ್ಕೆ ಸಿಲ್ವರ್ ಪೇಂಟ್ ಬಳಿದು ಅಳೆದರೆ ಕರೆಂಟ್ ಚೆನ್ನಾಗಿಯೇ ಹರಿಯಿತು. ಆ ಅಂಕಿಯನ್ನೇ ‘ಈ ಮಿಶ್ರಣದ ವಾಹಕತೆ’ ಅಂತ ರಿಪೋರ್ಟಿಗೆ ಬರೆದುಬಿಟ್ಟೆ.

ಆಮೇಲೆ ಸುಮ್ನೆ ಒಂದು ಇಡೀ ಗಟ್ಟಿಯನ್ನೂ ಅಳೆದೆ. ದಪ್ಪ 20 ಪಟ್ಟು, ಹಾಗಾದರೆ ರೆಸಿಸ್ಟೆನ್ಸೂ 20 ಪಟ್ಟು ಇರಬೇಕು ಅಲ್ವಾ? ಸಾವಿರಾರು ಪಟ್ಟು ಇತ್ತು.

ಮೊದಲು ಅನುಮಾನ ಬಂದದ್ದು ಗರಗಸದ ಮೇಲೆ. ಕೊಯ್ಯುವಾಗ ಗ್ರಾಫೈಟ್ ಅಂಚಿಗೆ ಸವರಿಕೊಂಡರೆ ಕರೆಂಟಿಗೆ ಅದೇ ಕಳ್ಳದಾರಿ. ಅಂಚು ಮುಟ್ಟಿದರೆ ಬೆರಳಿಗೆ ಪೆನ್ಸಿಲ್ ಮಸಿಯ ಹಾಗೆ ಅಂಟುತ್ತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಆಲ್ಕೋಹಾಲ್ ಹಾಕಿ ಒರೆಸಿದೆ. ಅಂಕಿ ಬದಲಾಗಲಿಲ್ಲ. ಇನ್ನೂ ನಾಲ್ಕು ಬಿಲ್ಲೆ ಕೊಯ್ದರೆ, ಐದೂ ಐದು ಥರ!

ನಮ್ಮ ಸೀನಿಯರ್ ರಿಪೋರ್ಟ್ ನೋಡಿ ಕೇಳಿದ್ದು ಒಂದೇ ಮಾತು: “ಇದು ಎಷ್ಟು ದಪ್ಪದ್ದು ರೀ?”

ಎಪಾಕ್ಸಿಯೊಳಗೆ ಗ್ರಾಫೈಟ್ ಚೂರುಗಳು ಹೇಗೆಂದರೆ ಹಾಗೆ ಬಿದ್ದಿರುತ್ತವೆ. ಅಲ್ಲಲ್ಲಿ ಒಂದಕ್ಕೊಂದು ತಾಗಿ ಗುಂಪು ಕಟ್ಟುತ್ತವೆ. ಪುಡಿ ಒಂದು ಮಿತಿ ದಾಟಿದರೆ ಮಾತ್ರ ಗುಂಪುಗಳು ಕೂಡಿ ಈ ಬದಿಯಿಂದ ಆ ಬದಿಗೆ ದಾರಿಯಾಗುತ್ತದೆ. ನನ್ನ ಮಿಶ್ರಣ ಆ ಮಿತಿಗಿಂತ ತುಸು ಕೆಳಗಿತ್ತು. ಮಿತಿಯ ಹತ್ತಿರ ಬಂದಷ್ಟೂ ಗುಂಪುಗಳು ದೊಡ್ಡದಾಗುತ್ತವೆ. ಚೂರುಗಳು ಮೈಕ್ರಾನ್ ಲೆಕ್ಕದಲ್ಲಿದ್ದರೂ ಗುಂಪು ಅರ್ಧ ಮಿ.ಮೀ. ಮುಟ್ಟಬಹುದು. ಬಿಲ್ಲೆಗೆ ಅಷ್ಟು ಸಾಕು, ಒಂದೇ ಗುಂಪು ಸೇತುವೆ ಆಗುತ್ತದೆ. 10 ಮಿ.ಮೀ.ಗೆ ಸಾಲದು.

ತಮಾಷೆ ಅಂದರೆ, ಅದೇ ಬಿಲ್ಲೆಯನ್ನು ಉದ್ದಕ್ಕೆ ಅಳೆದರೆ ಕಥೆ ಉಲ್ಟಾ. ತೆಳುವಾದಷ್ಟೂ ಮೇಲೆ ಕೆಳಗೆ ಸುತ್ತಿ ಹೋಗುವ ದಾರಿ ಕಮ್ಮಿ. ಚುಕ್ಕಿಗಳ ನಡುವೆ ಎಲ್ಲೆಂದರಲ್ಲಿ ಕೊಂಡಿ ಹಾಕುತ್ತಾ ಹೋಗುವ ಲೆಕ್ಕದ ಮಾದರಿಯಲ್ಲೂ ಹಾಗೇ: ಚಪ್ಪಟೆ ಚೌಕಜಾಲದಲ್ಲಿ ದಾರಿ ಸಿಗಲು 50% ಕೊಂಡಿ ಬೇಕು, ಮೂರು ಆಯಾಮದ ಘನಜಾಲದಲ್ಲಿ ಸುಮಾರು 25% ಸಾಕು.

1971ರಲ್ಲಿ ಲಾಸ್ಟ್ ಮತ್ತು ಥೌಲೆಸ್ ಎಂಬ ಭೌತವಿಜ್ಞಾನಿಗಳು ಗ್ರಾಫೈಟ್ ಕಾಗದದಲ್ಲಿ ಎಲ್ಲೆಂದರಲ್ಲಿ ತೂತು ಹೊಡೆಯುತ್ತಾ ವಾಹಕತೆ ಅಳೆದಿದ್ದರು. ಅದನ್ನು ನಾನು ಓದಿದ್ದು ರಿಪೋರ್ಟ್ ಕಳಿಸಿದ ಮೇಲೆ. ಮಿತಿಯ ಹತ್ತಿರ ದಾರಿ ಇದ್ದರೂ ಆ ಜಾಲದ ಬಹುಭಾಗ ಮುಂದೆ ಹೋಗದ ಓಣಿಗಳೇ, ಅಲ್ಲಿ ಕರೆಂಟ್ ಹರಿಯುವುದಿಲ್ಲ.

ರಿಪೋರ್ಟ್ ವಾಪಸ್ ತರಿಸಿಕೊಂಡು, ಮೂರು ದಪ್ಪದಲ್ಲಿ ಐದೈದು ತುಂಡು ಅಳೆದು ಮತ್ತೆ ಬರೆದೆ. ಈಗ ದಪ್ಪ ಬರೆಯದ ಅಂಕಿ ಯಾರಾದರೂ ಕೊಟ್ಟರೆ ನಾನೂ ಅದೇ ಪ್ರಶ್ನೆ ಕೇಳುತ್ತೇನೆ.