ಸಭೆಯ ನಡಾವಳಿಯಲ್ಲಿ ಸಿಕ್ಕ ಮನೆತನ: ಡೇನಿಯಲ್ ಬೂನ್ ವಂಶದ ಜಾಡಿನಲ್ಲಿ

ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ನಿವೃತ್ತಿಯವರೆಗೂ ಕ್ರಯಪತ್ರ, ವಿಭಾಗಪತ್ರ, ವಂಶವೃಕ್ಷಗಳ ನಡುವೆಯೇ ದಿನ ಕಳೆದ ನನಗೆ, ಒಂದು ಮನೆತನದ ಕಥೆಯನ್ನು ಅದರ ಕಾಗದಗಳಿಂದ ತಿಳಿಯುವುದೇ ರೂಢಿ. ಫಿಲಡೆಲ್ಫಿಯಾದ ಹತ್ತಿರ ಇರುವ ಮಗನ ಮನೆಗೆ ಹೋಗಿದ್ದಾಗ ಅವನು, "ಅಪ್ಪ, ಡೇನಿಯಲ್ ಬೂನ್ ಹುಟ್ಟಿದ ಮನೆ ಇಲ್ಲೇ ಹತ್ತಿರದಲ್ಲಿದೆ, ನೋಡಿ ಬರೋಣವೇ?" ಎಂದು ಕೇಳಿದ. ಅಮೆರಿಕದಲ್ಲಿ ವಲಸಿಗರ ನೆಲೆಗಳ ಆಚೆಗಿದ್ದ ಪಶ್ಚಿಮದ ಗಡಿನಾಡಿಗೆ ಮೊದಲು ನುಗ್ಗಿದವರಲ್ಲಿ ಪ್ರಸಿದ್ಧನಾದ ಈ ಬೇಟೆಗಾರನನ್ನು ಚಿತ್ರಗಳಲ್ಲಿ ಯಾವಾಗಲೂ ಬಂದೂಕು ಹಿಡಿದು ಕಾಡಿನಲ್ಲಿ ಒಂಟಿಯಾಗಿ ನಿಂತವನಂತೆ ತೋರಿಸುತ್ತಾರೆ. ಆದರೆ ಒಂಟಿ ಮನುಷ್ಯನಿಗೂ ವಂಶವೃಕ್ಷ ಇರುತ್ತದೆ. ಅದನ್ನು ನೋಡಬೇಕೆನ್ನಿಸಿತು. ಒಂದು ದಿನಕ್ಕೆಂದು ಹೊರಟ ಪ್ರಯಾಣ ಪೆನ್ಸಿಲ್ವೇನಿಯಾ, ನಾರ್ತ್ ಕೆರೊಲಿನಾ, ಕೆಂಟಕಿ, ಮಿಸೌರಿಗಳನ್ನು ದಾಟಿ ಹನ್ನೆರಡು ದಿನಗಳವರೆಗೆ ಬೆಳೆಯಿತು.

ಬೂನ್ ಮನೆತನದವರು ಮೂಲತಃ ಇಂಗ್ಲೆಂಡಿನ ಡೆವನ್ ಸೀಮೆಯ ಬ್ರಾಡ್‌ನಿಂಚ್ ಎಂಬ ಊರಿನ ನೇಕಾರರು ಮತ್ತು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಡೇನಿಯಲ್‌ನ ಅಜ್ಜ ಜಾರ್ಜ್ ಬೂನ್ 1713ರ ಸುಮಾರಿಗೆ ತನ್ನ ಮಕ್ಕಳಾದ ಜಾರ್ಜ್, ಸಾರಾ ಮತ್ತು ಸ್ಕ್ವಯರ್ ಎಂಬ ಮೂವರನ್ನು ಪೆನ್ಸಿಲ್ವೇನಿಯಾ ಹೇಗಿದೆ ನೋಡಿಕೊಂಡು ಬರಲು ಮೊದಲೇ ಕಳಿಸಿ, ನಾಡು ಬಾಳಲು ತಕ್ಕದ್ದು ಎಂದು ತಿಳಿದ ಮೇಲೆ 1717ರಲ್ಲಿ ಹೆಂಡತಿ ಮೇರಿ ಮತ್ತು ಉಳಿದ ಮಕ್ಕಳೊಂದಿಗೆ ತಾನೂ ಹಡಗು ಹತ್ತಿದ. ನಾವು ಮೊದಲು ಹೋದ ಗ್ವಿನೆಡ್‌ನ ಕ್ವೇಕರ್ ಸಭೆಯ, ಎಂದರೆ ಆ ಊರಿನ ಪಂಥದವರ ಕೂಟದ, ದಾಖಲೆಯಲ್ಲಿ, ಜಾರ್ಜ್ ಬೂನ್ ತನ್ನ ಹಿಂದಿನ ಸಭೆಯಿಂದ ಸನ್ನಡತೆಯ ಪತ್ರ ತಂದು ಒಪ್ಪಿಸಿದನೆಂದೂ ಅದನ್ನು ಓದಿ ಸ್ವೀಕರಿಸಲಾಯಿತೆಂದೂ ಬರೆದಿದೆ. ಊರು ಬಿಟ್ಟು ಊರಿಗೆ ಬಂದ ಕ್ವೇಕರ್ ಕುಟುಂಬ ಹೀಗೆ ಪತ್ರ ತರಲೇಬೇಕಿತ್ತು. ಆ ಕಟ್ಟುಪಾಡಿನಿಂದಾಗಿಯೇ ಮುನ್ನೂರು ವರ್ಷಗಳ ಬಳಿಕವೂ ಅವರು ಎಲ್ಲಿಂದ ಎಲ್ಲಿಗೆ ಹೋದರೆಂದು ತಿಳಿಯಬಹುದಾಗಿದೆ.

ಇದೇ ಗ್ವಿನೆಡ್‌ನಲ್ಲಿ ಡೇನಿಯಲ್‌ನ ತಂದೆ ಸ್ಕ್ವಯರ್ ಬೂನ್ ವೇಲ್ಸ್ ಮೂಲದ ಸಾರಾ ಮಾರ್ಗನ್‌ಳನ್ನು ಮದುವೆಯಾದ. ದಾಖಲೆಯಲ್ಲಿರುವ ತಾರೀಖು 1720ರ ಏಳನೆಯ ತಿಂಗಳ 23. ನನ್ನ ಮಗ ತನ್ನ ಪಟ್ಟಿಯಲ್ಲಿ ಜುಲೈ ಎಂದು ಬರೆದುಕೊಂಡಿದ್ದ. ಅದು ಜುಲೈ ಅಲ್ಲ, ಸೆಪ್ಟೆಂಬರ್. ತಿಂಗಳುಗಳ ಹೆಸರುಗಳಲ್ಲಿ ಹಳೆಯ ದೇವತೆಗಳ ಹೆಸರು ಸೇರಿಕೊಂಡಿವೆ ಎಂದು ಕ್ವೇಕರರು ಅವನ್ನು ಉಚ್ಚರಿಸದೆ ಬರಿಯ ಸಂಖ್ಯೆ ಹೇಳುತ್ತಿದ್ದರು, ಮತ್ತು ಬ್ರಿಟಿಷ್ ಆಳ್ವಿಕೆಯ ನಾಡುಗಳಲ್ಲಿ 1752ರಲ್ಲಿ ಪಂಚಾಂಗ ಬದಲಾಗುವವರೆಗೂ ಮೊದಲನೆಯ ತಿಂಗಳೆಂದರೆ ಮಾರ್ಚ್ ಆಗಿತ್ತು. ಡೇನಿಯಲ್‌ಗೆ 1734ರ ಅಕ್ಟೋಬರ್ 22, ನವೆಂಬರ್ 2 ಎಂದು ಎರಡು ಜನ್ಮದಿನಗಳು ಕಾಣಸಿಗುವುದಕ್ಕೂ ಹಳೆಯ, ಹೊಸ ಪಂಚಾಂಗಗಳ ನಡುವಿನ ಹನ್ನೊಂದು ದಿನಗಳ ವ್ಯತ್ಯಾಸವೇ ಕಾರಣ. ವಂಶಾವಳಿ ಹುಡುಕುವವರು ಇದೊಂದನ್ನು ಮೊದಲೇ ತಿಳಿದಿರಬೇಕು, ಇಲ್ಲವಾದರೆ ಹುಟ್ಟಿಗೂ ಮದುವೆಗೂ ಲೆಕ್ಕ ತಾಳೆಯಾಗದೆ ಸತ್ತವರ ಮೇಲೆ ಇಲ್ಲದ ಅನುಮಾನ ಬರುತ್ತದೆ.

ರೆಡಿಂಗ್ ನಗರದ ಆಗ್ನೇಯಕ್ಕೆ, ಬರ್ಡ್ಸ್‌ಬರೊ ಪಟ್ಟಣದ ಹತ್ತಿರ ಆ ಮನೆ ಇದೆ. ಓಲಿ ಕಣಿವೆಯ ಈ ಭಾಗದಲ್ಲಿ ಸ್ಕ್ವಯರ್ 1730ರಲ್ಲಿ 250 ಎಕರೆ ಕೊಂಡ. ಈಗ ನಿಂತಿರುವ ಕಲ್ಲಿನ ಮನೆ ಬೂನ್ ಕುಟುಂಬದ ಬಳಿಕ ಬಂದವರು ಕಟ್ಟಿ ಬೆಳೆಸಿದ್ದು. ಸ್ಕ್ವಯರ್ ಕಟ್ಟಿದ್ದ ಮರದ ದಿಮ್ಮಿಗಳ ಮನೆಯಲ್ಲಿ ಉಳಿದಿರುವುದು ಅಡಿಪಾಯ ಮಾತ್ರ. ಆ ಅಡಿಪಾಯದ ನೆಲಮಾಳಿಗೆಗೆ ಇಳಿದಾಗ ನನಗೆ ಮೊದಲು ತಿಳಿದದ್ದು ತಂಪು, ಆಮೇಲೆ ನೀರಿನ ಸದ್ದು. ಮನೆಯನ್ನು ಒಂದು ಒರತೆಯ ಮೇಲೆಯೇ ಕಟ್ಟಿದ್ದಾರೆ. ಕಲ್ಲುಗಳ ನಡುವೆ ಇಂದಿಗೂ ನೀರು ಜಿನುಗುತ್ತಿದೆ. ಹಾಲು, ಬೆಣ್ಣೆ ಕೆಡದಂತೆ ಇಡಲು ಇದೇ ಜಾಗ. ಸ್ಕ್ವಯರ್ ಮಗ್ಗ ನಡೆಸುತ್ತಿದ್ದ, ಜೊತೆಗೆ ಕುಲುಮೆಯನ್ನೂ ಇಟ್ಟಿದ್ದ. ಸಾರಾ ಹನ್ನೊಂದು ಮಕ್ಕಳನ್ನು ಹೆತ್ತಳು. ಡೇನಿಯಲ್ ಆರನೆಯವನು. ನಾನು ಒರತೆಗೆ ಕೈಯಿಟ್ಟು ನೋಡಿದೆ. ಬೇಸಿಗೆಯ ನಡುಮಧ್ಯಾಹ್ನವೂ ಆ ನೀರು ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಅಲ್ಲಿಂದ ಎಕ್ಸೆಟರ್ ಕ್ವೇಕರ್ ಸಭಾಮಂದಿರಕ್ಕೆ ಹೆಚ್ಚು ದೂರವಿಲ್ಲ. ಎಕ್ಸೆಟರ್ ಎಂಬ ಹೆಸರೂ ಡೆವನ್‌ನಿಂದಲೇ ಬಂದದ್ದು. ಈಗಿನ ಕಲ್ಲಿನ ಕಟ್ಟಡ 1759ರದು. ಪಕ್ಕದಲ್ಲಿ ಕಲ್ಲುಗೋಡೆ ಸುತ್ತಿದ ಸ್ಮಶಾನವಿದೆ. ಅಜ್ಜ ಜಾರ್ಜ್ ಮತ್ತು ಅಜ್ಜಿ ಮೇರಿ ಮಲಗಿರುವುದು ಇಲ್ಲಿಯೇ, ಆದರೆ ಯಾವ ಜಾಗದಲ್ಲೆಂದು ತೋರಿಸುವ ಕಲ್ಲಿಲ್ಲ. ಸಮಾಧಿಯ ಮೇಲೆ ಹೆಸರು ಕೆತ್ತಿಸುವುದು ಜಂಬವೆಂದು ಹಳೆಯ ಕ್ವೇಕರರು ಎಣಿಸುತ್ತಿದ್ದರು. ಆ ಹುಲ್ಲಿನ ಅಂಚಿನಲ್ಲಿ ನಾನು ಬಹಳ ಹೊತ್ತು ನಿಂತೆ. ಜಾರ್ಜ್ 1744ರಲ್ಲಿ 78ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಎಂಟು ಮಕ್ಕಳು, 52 ಮೊಮ್ಮಕ್ಕಳು, ಹತ್ತು ಮರಿಮಕ್ಕಳು ಬದುಕಿದ್ದರು. ಒಟ್ಟು ಎಪ್ಪತ್ತು ಜನ, ಬೈಬಲ್ಲಿನ ಯಾಕೋಬನೊಡನೆ ಈಜಿಪ್ಟಿಗೆ ಹೋದ ಮನೆಮಂದಿಯಷ್ಟೇ ಎಂದು ಮೊಮ್ಮಗನಾದ ಜೇಮ್ಸ್ ಬೂನ್ 1788ರಲ್ಲಿ ಬರೆದಿಟ್ಟ ವಂಶಾವಳಿಯಲ್ಲಿ ಲೆಕ್ಕ ಹಾಕಿದ್ದಾನೆ. ನಾನು ಚಿಕ್ಕವನಿದ್ದಾಗ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ನಮ್ಮ ಅಂಗಳದಲ್ಲಿ ಕೂತು ತಲೆಮಾರುಗಳ ಹೆಸರನ್ನು ಒಂದೂ ತಪ್ಪದಂತೆ ಒಪ್ಪಿಸುತ್ತಿದ್ದುದು ನೆನಪಾಯಿತು. ಬೂನ್ ಮನೆತನಕ್ಕೆ ಆ ಕೆಲಸ ಮಾಡಿದವನು ಈ ಜೇಮ್ಸ್. ಕಲ್ಲಿನ ಮೇಲೆ ಬರೆಯದ ಹೆಸರುಗಳನ್ನು ಅವನು ಕಾಗದದ ಮೇಲೆ ಉಳಿಸಿದ. ಇದೇ ನೆರೆಯಲ್ಲಿ ಮೊರ್ಡೆಕೈ ಲಿಂಕನ್ 1733ರಲ್ಲಿ ಮನೆ ಕಟ್ಟಿದ್ದ. ಅವನ ಮಗನೊಬ್ಬ ಬೂನ್ ಮನೆಯ ಹುಡುಗಿ ಆ್ಯನ್‌ಳನ್ನು ಮದುವೆಯಾದ. ಅಧ್ಯಕ್ಷ ಅಬ್ರಹಾಂ ಲಿಂಕನ್ ಹುಟ್ಟಿದ್ದು ಇದೇ ಲಿಂಕನ್ ವಂಶದಲ್ಲಿ.

ಈ ಕುಟುಂಬ ಇಷ್ಟು ಒಳ್ಳೆಯ ನೆಲವನ್ನು ಬಿಟ್ಟು ಹೋದದ್ದೇಕೆ? ಉತ್ತರ ಸಿಗುವುದು ಎಕ್ಸೆಟರ್ ಸಭೆಯ ನಡಾವಳಿಗಳಲ್ಲಿ. ಸ್ವಾರ್ತ್‌ಮೋರ್ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಅವುಗಳ ಮೈಕ್ರೋಫಿಲ್ಮನ್ನು ತಿರುಗಿಸುತ್ತಾ ನಾನು ಒಂದು ಇಡೀ ದಿನ ಕಳೆದೆ. 1742ರಲ್ಲಿ ಹಿರಿಯ ಮಗಳು ಸಾರಾ, ಪಂಥಕ್ಕೆ ಸೇರದ ಜಾನ್ ವಿಲ್‌ಕಾಕ್ಸನ್‌ನನ್ನು ಮದುವೆಯಾದಳು, ಅದಕ್ಕೆ ಮುಂಚೆಯೇ ಅವಳು ಗರ್ಭಿಣಿಯಾಗಿದ್ದಳು. ತಂದೆಯನ್ನು ಸಭೆ ಕರೆಸಿ ಕೇಳಿತು. ಅವರಿಬ್ಬರ ಸಲಿಗೆ ತನಗೆ ಸ್ವಲ್ಪ ತಿಳಿದಿತ್ತು, ಏನು ಮಾಡಬೇಕೆಂದು ತೋಚದೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡೆ ಎಂದು ಸ್ಕ್ವಯರ್ ತಪ್ಪೊಪ್ಪಿಕೊಂಡ. ಐದು ವರ್ಷಗಳ ನಂತರ ಮಗ ಇಸ್ರೇಲ್ ಕೂಡ ಪಂಥದ ಹೊರಗೆ ಮದುವೆಯಾದಾಗ ಸಭೆ ಮತ್ತೆ ಕೇಳಿತು. ಈ ಸಲ ಸ್ಕ್ವಯರ್ ತಲೆಬಾಗದೆ ಮಗನ ಪರ ನಿಂತ. 1748ರಲ್ಲಿ ಅವನನ್ನು ಪಂಥದಿಂದ ಹೊರಹಾಕಿದರು. ಹೆಂಡತಿ ಸಾರಾ ಮಾತ್ರ ಸದಸ್ಯಳಾಗಿಯೇ ಉಳಿದಳು. ಗಂಡನನ್ನು ಹೊರಹಾಕಿದ್ದ ಸಭೆಯ ಬೆಂಚಿನ ಮೇಲೆ ಆ ತಾಯಿ ಎರಡು ವರ್ಷ ಏನನ್ನು ನೆನೆಯುತ್ತಾ ಮೌನವಾಗಿ ಕುಳಿತಿದ್ದಳೋ, ಅದು ಯಾವ ನಡಾವಳಿಯಲ್ಲೂ ಇಲ್ಲ. 1750ರಲ್ಲಿ ಮನೆ, ಹೊಲ ಮಾರಿ ಕುಟುಂಬವೆಲ್ಲ ದಕ್ಷಿಣಕ್ಕೆ ಬಂಡಿ ಹೂಡಿತು. ಡೇನಿಯಲ್‌ಗೆ ಆಗ ಹದಿನೈದು. ಹೊಸ ನೆಲದ ಆಸೆಯೂ ಇತ್ತು ನಿಜ. ಆದರೆ ಗಡಿನಾಡಿನ ಈ ಮೊದಲ ಪಯಣದ ಹಿಂದೆ, ಮಕ್ಕಳನ್ನು ಬಿಟ್ಟುಕೊಡದ ಒಬ್ಬ ನೇಕಾರನ ಹಟವಿದೆ ಎಂದು ನಾನು ನಂಬುತ್ತೇನೆ. ಮನೆಯವರು ಮರೆಯಲು ಬಯಸಿರಬಹುದಾದ ಸಂಗತಿಯೇ ಅವರ ಚರಿತ್ರೆಯಲ್ಲಿ ಅತ್ಯಂತ ಸ್ಪಷ್ಟವಾಗಿ ಉಳಿದಿದೆ.

ನಾರ್ತ್ ಕೆರೊಲಿನಾದ ಮಾಕ್ಸ್‌ವಿಲ್ ಊರಿನ ಜೋಪ್ಪಾ ಸ್ಮಶಾನದಲ್ಲಿ ಆ ದಂಪತಿಗಳ ಕಲ್ಲುಗಳಿವೆ. ಪಂಥದ ಕಟ್ಟಳೆ ಇಲ್ಲಿಗೆ ಬರುವಷ್ಟರಲ್ಲಿ ಸಡಿಲವಾಗಿತ್ತು, ಹೆಸರು ಕೆತ್ತಿಸಿದ್ದಾರೆ. ಕೆತ್ತಿದವನಿಗೆ ಕಾಗುಣಿತ ಸರಿಯಾಗಿ ಬರುತ್ತಿರಲಿಲ್ಲ. 1765ರಲ್ಲಿ ತೀರಿಕೊಂಡ ಸ್ಕ್ವಯರ್‌ನ ಕಲ್ಲಿನಲ್ಲಿ ಜನವರಿ ಎಂಬ ಪದವನ್ನು ಕಿವಿಗೆ ಕೇಳಿದ ಹಾಗೆ ಕೊರೆದಿದ್ದಾನೆ. 1777ರಲ್ಲಿ ತೀರಿಕೊಂಡ ಸಾರಾಳ ಕಲ್ಲಿನಲ್ಲಿ, ಈ ಬಾಳನ್ನು ಬಿಟ್ಟು ಹೊರಟಳು ಎನ್ನಬೇಕಾದ ಕಡೆ, ಕ್ವೇಕರರು ಬಹಿಷ್ಕಾರಕ್ಕೆ ಬಳಸುತ್ತಿದ್ದ 'ಡಿಸೋನ್ಡ್' ಎಂಬ ಪದವೇ ತಪ್ಪು ಕಾಗುಣಿತದಲ್ಲಿ ಇದೆ. ಕಲ್ಲುಕುಟಿಗನ ಕೈತಪ್ಪೇ ಇರಬಹುದು. ನಡಾವಳಿ ಓದಿ ಬಂದಿದ್ದ ನನಗೆ ಮಾತ್ರ ಆ ಅಕ್ಷರಗಳ ಮುಂದೆ ಗಂಟಲು ಕಟ್ಟಿತು.

ಡೇನಿಯಲ್ ಇದೇ ಯಾಡ್ಕಿನ್ ನದಿಯ ಸೀಮೆಯಲ್ಲಿ 1756ರಲ್ಲಿ ರೆಬೆಕ್ಕಾ ಬ್ರಯಾನ್‌ಳನ್ನು ಮದುವೆಯಾದ. ಹತ್ತು ಮಕ್ಕಳಾದರು. ಪಶ್ಚಿಮದ ಹಾದಿ ಈ ಮನೆಯಿಂದ ಏನೇನು ಕಸಿಯಿತು ಎಂಬುದನ್ನು ವಂಶವೃಕ್ಷದಲ್ಲಿಯೇ ಕಾಣಬಹುದು. ಹಿರಿಯ ಮಗ ಜೇಮ್ಸ್ 1773ರಲ್ಲಿ ಕೆಂಟಕಿಯ ದಾರಿಯಲ್ಲಿ ಕೊಲೆಯಾದ. ಅದನ್ನು ಕಣ್ಣಾರೆ ಕಂಡು ಬದುಕಿ ಬಂದು ಹೇಳಿದವನು ಆ್ಯಡಂ ಎಂಬ ಗುಲಾಮ. ಅವನ ವಂಶಾವಳಿಯನ್ನು ಯಾರೂ ಬರೆಯಲಿಲ್ಲ. ಇನ್ನೊಬ್ಬ ಮಗ ಇಸ್ರೇಲ್ 1782ರಲ್ಲಿ ಬ್ಲೂ ಲಿಕ್ಸ್ ಕಾಳಗದಲ್ಲಿ ತಂದೆಯ ಕಣ್ಣೆದುರೇ ಸತ್ತ. ಬೂನ್ ನುಗ್ಗಿದ ಕಾಡು ಶಾನೀ, ಚೆರೋಕಿ ಎಂಬ ಮೂಲನಿವಾಸಿ ಜನರ ಬೇಟೆಯ ನೆಲವಾಗಿತ್ತು, ಅವರು ತಮ್ಮ ನೆಲಕ್ಕಾಗಿ ಹೋರಾಡಿದರು. 1778ರಲ್ಲಿ ಬೂನ್‌ನನ್ನು ಸೆರೆಹಿಡಿದ ಶಾನೀ ನಾಯಕ ಬ್ಲ್ಯಾಕ್‌ಫಿಶ್ ಅವನನ್ನು ಕೊಲ್ಲದೆ ದತ್ತು ತೆಗೆದುಕೊಂಡು, 'ದೊಡ್ಡ ಆಮೆ' ಎಂಬ ಅರ್ಥದ ಶೆಲ್ಟೋವಿ ಎಂಬ ಹೆಸರಿಟ್ಟ. ದತ್ತಕವೂ ಸಂಬಂಧವೇ ಎಂದು ತಿಳಿದಿರುವ ನಾನು ನನ್ನ ನಕ್ಷೆಯಲ್ಲಿ ಬ್ಲ್ಯಾಕ್‌ಫಿಶ್‌ನ ಹೆಸರಿನಿಂದಲೂ ಒಂದು ಗೆರೆ ಎಳೆದಿದ್ದೇನೆ. ಗಂಡ ಸತ್ತನೆಂದು ತಿಳಿದ ರೆಬೆಕ್ಕಾ ಮಕ್ಕಳನ್ನು ಕಟ್ಟಿಕೊಂಡು ಕೆರೊಲಿನಾಕ್ಕೆ ಮರಳಿದ್ದಳು. ಅವನು ತಪ್ಪಿಸಿಕೊಂಡು ಕೆಂಟಕಿಯ ಬೂನ್ಸ್‌ಬರೊ ಕೋಟೆಗೆ ಬಂದಾಗ ಕಾದಿದ್ದವಳು ಮಗಳು ಜೆಮೈಮಾ ಒಬ್ಬಳೇ.

ಕೆಂಟಕಿಯಲ್ಲಿ ಬೂನ್ ಸಾವಿರಾರು ಎಕರೆಗೆ ಹಕ್ಕು ಹೇಳಿದ, ಕೊನೆಗೆ ಬಹುಪಾಲು ಕಳೆದುಕೊಂಡ. ಇದು ನನ್ನ ಕಸುಬಿನ ವಿಷಯವಾದ್ದರಿಂದ ಕೊಂಚ ವಿವರಿಸಬೇಕು. ಸರ್ಕಾರ ಮೊದಲೇ ಅಳೆದು ಕಲ್ಲು ನೆಟ್ಟ ನೆಲ ಅದಾಗಿರಲಿಲ್ಲ. ಬಂದವರೇ ಒಂದು ಮರಕ್ಕೆ ಕಚ್ಚು ಹಾಕಿ, ಹಳ್ಳದ ತಿರುವನ್ನು ಗುರುತಿಟ್ಟು ಚೆಕ್ಕುಬಂದಿ ಹೇಳುತ್ತಿದ್ದರು. ಒಂದೇ ನೆಲದ ಮೇಲೆ ಮೂರು ನಾಲ್ಕು ಹಕ್ಕುಪತ್ರಗಳು ಹುಟ್ಟಿಕೊಂಡವು. ಮರ ಬಿದ್ದರೆ ಎಲ್ಲೆಯೂ ಹೋಯಿತು. ಸ್ವತಃ ಮೋಜಣಿ ಮಾಡುತ್ತಿದ್ದ ಬೂನ್‌ನ ಅಳತೆಗಳೂ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಆಗ ಸ್ಪೇನಿನ ಆಡಳಿತದಲ್ಲಿದ್ದ ಮಿಸೌರಿಗೆ ಅವನು 1799ರಲ್ಲಿ ಹೊರಟದ್ದು ಈ ಸೋಲಿನಿಂದಲೇ, ಮತ್ತು ಆಗಲೂ ಒಂಟಿಯಾಗಿ ಅಲ್ಲ: ಮಕ್ಕಳು, ಅಳಿಯಂದಿರು, ಬಂಧುಗಳು ಜೊತೆಗಿದ್ದರು, ಗುಲಾಮರನ್ನೂ ಕರೆದೊಯ್ದಿದ್ದರು. ಅಲ್ಲಿ ಸಿಕ್ಕ ನೆಲವೂ ಕಾಗದಪತ್ರ ಸರಿಯಿಲ್ಲವೆಂದು ಕೈತಪ್ಪಿ, 1814ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದಷ್ಟನ್ನು ಮರಳಿಸಿತು. ಸಾಲ ತೀರಿಸಲು ಅದನ್ನೂ ಮಾರಿದ.

ಮಿಸೌರಿಯ ಡಿಫೈಯನ್ಸ್ ಬಳಿ ಕಿರಿಯ ಮಗ ನೇಥನ್ ಕಟ್ಟಿದ ಸುಣ್ಣದಕಲ್ಲಿನ ಮನೆಯಲ್ಲಿ, ಡೇನಿಯಲ್ 1820ರ ಸೆಪ್ಟೆಂಬರ್ 26ರಂದು ಕೊನೆಯುಸಿರೆಳೆದ ಚಿಕ್ಕ ಕೋಣೆಯನ್ನು ತೋರಿಸುತ್ತಾರೆ. ಕುಟುಂಬದ ಕಥೆಯ ಬಹುಭಾಗ ನಮಗೆ ತಿಳಿದಿರುವುದು ಈ ನೇಥನ್ ಮತ್ತು ಅವನ ಹೆಂಡತಿ ಆಲಿವ್ ಅವರಿಂದ. ಲೈಮನ್ ಡ್ರೇಪರ್ ಎಂಬ ಸಂಗ್ರಾಹಕ 1851ರಲ್ಲಿ ಮುಪ್ಪಿನ ಆ ದಂಪತಿಗಳ ಮನೆಗೆ ಹೋಗಿ ದಿನಗಟ್ಟಲೆ ಕೂತು ಕೇಳಿ ಬರೆದುಕೊಂಡ. ಆ ಹಸ್ತಪ್ರತಿಗಳು ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿವೆ. ಡ್ರೇಪರ್ ಸ್ವಲ್ಪ ತಡಮಾಡಿದ್ದರೆ ಏನೇನು ಹೋಗುತ್ತಿತ್ತೋ ಎಂದು ನೆನೆದರೆ ಭಯವಾಗುತ್ತದೆ.

ಕೊನೆಯ ದಿನ ಮಾರ್ಥಾಸ್‌ವಿಲ್ ಹತ್ತಿರದ ದಿಬ್ಬಕ್ಕೆ ಹೋದೆವು. 1813ರಲ್ಲಿ ತೀರಿಕೊಂಡ ರೆಬೆಕ್ಕಾಳ ಬಳಿಯೇ ಡೇನಿಯಲ್‌ನನ್ನು ಹೂಳಿದ್ದು ಇಲ್ಲಿ. 1845ರಲ್ಲಿ ಕೆಂಟಕಿಯವರು ಬಂದು ಇಬ್ಬರ ಅವಶೇಷಗಳನ್ನೂ ಅಗೆದು ಒಯ್ದು, ನಾವು ಮೂರು ದಿನದ ಹಿಂದೆ ನೋಡಿದ್ದ ಫ್ರ್ಯಾಂಕ್‌ಫರ್ಟ್‌ನ ನದಿಯ ಮೇಲಿನ ಎತ್ತರದ ಸ್ಮಶಾನದಲ್ಲಿ ಇಟ್ಟರು. ಅವರು ಒಯ್ದದ್ದು ಬೇರೆ ಯಾರದೋ ಮೂಳೆಗಳನ್ನು ಎಂದು ಮಿಸೌರಿಯವರು ಹೇಳುತ್ತಾ ಬಂದಿದ್ದಾರೆ. ಆಗ ತೆಗೆದ ತಲೆಬುರುಡೆಯ ಅಚ್ಚನ್ನು 1983ರಲ್ಲಿ ಪರೀಕ್ಷಿಸಿದ ತಜ್ಞರೊಬ್ಬರು ಅದು ಕಪ್ಪು ಜನಾಂಗದ ವ್ಯಕ್ತಿಯದಿರಬಹುದೆಂದರೆ, ಅಷ್ಟು ಖಚಿತವಾಗಿ ಹೇಳಲಾಗದೆಂದು ಇತರರು ಆಕ್ಷೇಪಿಸಿದರು. ದಿಬ್ಬದ ಮೇಲೆ ಬಂಡೆಗೆ ಬಡಿದ ಫಲಕದಲ್ಲಿ ಗಂಡಹೆಂಡಿರ ಹೆಸರುಗಳಿವೆ. ಸುತ್ತ ಹೊಲ, ಕೆಳಗೆ ಮಿಸೌರಿ ನದಿಯ ಬಯಲು, ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಮಗ ಕಾರಿನಿಂದ ನನ್ನ ನಕ್ಷೆಯ ಹಾಳೆ ತಂದುಕೊಟ್ಟು, "ಸಮಾಧಿಯ ಕಾಲಂ ಇನ್ನೂ ಖಾಲಿ ಇದೆಯಲ್ಲಪ್ಪಾ, ಏನು ಬರೆಯುತ್ತೀರಿ?" ಎಂದ. ಬಂಡೆಯ ಮೇಲೆ ಹಾಳೆಯಿಟ್ಟು ಡೇನಿಯಲ್, ರೆಬೆಕ್ಕಾ ಇಬ್ಬರ ಮುಂದೆಯೂ ಮಾರ್ಥಾಸ್‌ವಿಲ್, ಫ್ರ್ಯಾಂಕ್‌ಫರ್ಟ್ ಎಂದು ಎರಡೂ ಊರುಗಳನ್ನು ಬರೆದು, ಅಂದಿನ ತಾರೀಖು ಹಾಕಿದೆ.