ಪರ್ಷಿಯನ್ನರು ಅರಬರೇ? ಇರಾನಿಗಳೆಲ್ಲ ಪರ್ಷಿಯನ್ನರೇ?

ಪ್ರಾಚೀನ ಇರಾನಿನ ಬಗ್ಗೆ ಆಗಾಗ ಬರೆಯುವ ನನ್ನನ್ನು ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಎರಡಕ್ಕೂ ನನ್ನ ಉತ್ತರ ಅಲ್ಲವೆಂದೇ. ಮೊದಲನೆಯದನ್ನು ಬೇಗ ಮುಗಿಸಬಹುದು, ಎರಡನೆಯದಕ್ಕೆ ತುಸು ತಾಳ್ಮೆ ಬೇಕು.

ಅರಬ್ಬಿಯು ಹೀಬ್ರೂವಿನ ಬಳಗದ ಭಾಷೆ, ಪಾರಸಿಯು ಸಂಸ್ಕೃತದ ಬಳಗದ್ದು. ನಖ್ಶ್-ಎ-ರುಸ್ತಮ್‌ನ ಬಂಡೆಯಲ್ಲಿ ಕೊರೆದ ತನ್ನ ಸಮಾಧಿಯ ಮೇಲೆ, ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಪರ್ಷಿಯನ್ ಚಕ್ರವರ್ತಿ ಡೇರಿಯಸ್ ತನ್ನನ್ನು ‘ಪಾರ್ಸ, ಪಾರ್ಸಹ್ಯಾ ಪುಸ್ಸ, ಅರಿಯ’ ಎಂದು ಹೇಳಿಕೊಂಡಿದ್ದಾನೆ. ‘ಹ್ಯಾ’ ಇರುವಲ್ಲಿ ‘ಸ್ಯ’ ಎಂದೂ ‘ಪುಸ್ಸ’ ಇರುವಲ್ಲಿ ‘ಪುತ್ರ’ ಎಂದೂ ಓದಿಕೊಂಡರೆ, ‘ರಾಮಸ್ಯ’ ಎಂದು ವಿಭಕ್ತಿ ಬಾಯಿಪಾಠ ಮಾಡಿದವರಿಗೆ ಅರ್ಥ ತಾನಾಗಿ ಹೊಳೆಯುತ್ತದೆ: ಪಾರ್ಸದವನು, ಪಾರ್ಸದವನ ಮಗ, ಆರ್ಯ. ಸಿಂಧು ‘ಹಿಂದು’ ಆದದ್ದೂ ಇದೇ ಸಕಾರ-ಹಕಾರಗಳ ಪಲ್ಲಟದಿಂದ.

ಆ ಸಾಲಿನಲ್ಲಿ ಎರಡು ಗುರುತುಗಳಿವೆ. ಪಾರ್ಸ ಎಂಬುದು ಒಂದು ಸೀಮೆ. ಅರಬ್ಬಿಯಲ್ಲಿ ಪಕಾರವಿಲ್ಲದ್ದರಿಂದ ಅದು ಇಂದು ಫಾರ್ಸ್. ‘ಅರಿಯ’ದ ಬೇರಿನಿಂದಲೇ ‘ಇರಾನ್’ ಹುಟ್ಟಿತು. ಸಾಮ್ರಾಜ್ಯ ಕಟ್ಟಿದ ಸೈರಸ್ ಆ ಸೀಮೆಯವನಾದ್ದರಿಂದ ಗ್ರೀಕರು ಇಡೀ ದೇಶವನ್ನು ಪಾರ್ಸದ ಹೆಸರಿನಿಂದಲೇ ಕರೆದರು, ಯುರೋಪು ಅದನ್ನೇ ಮುಂದುವರಿಸಿತು; 1935ರಲ್ಲಿ ರೆಜಾ ಷಾ ಸರ್ಕಾರವು ‘ಇರಾನ್’ ಎಂದೇ ಬರೆಯಬೇಕೆಂದು ಪರದೇಶಗಳನ್ನು ಕೋರಿತು. ಕುರ್ದರು, ಬಲೂಚಿಗಳು, ತುರ್ಕಿ ಬಳಗದ ಭಾಷೆಯಾಡುವ ಅಜೆರಿಗಳು ಇರಾನಿಗಳು ಹೌದು, ಪರ್ಷಿಯನ್ನರಲ್ಲ. ನಮ್ಮ ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಫಾರ್ಸ್‌ನವನಲ್ಲ, ಕ್ಯಾಸ್ಪಿಯನ್ ತೀರದ ಗಿಲಾನಿನವನು.

ಮೂಲದ ಮಾತು ಬಂದಾಗ ‘ಶುದ್ಧ ಆರ್ಯರಕ್ತ’ದ ವಾದವನ್ನು ಕೆಲವರು ಮುಂದಿಡುತ್ತಾರೆ, ನಾನು ಅದನ್ನು ಒಪ್ಪುವುದಿಲ್ಲ. ಇರಾನಿ ಭಾಷೆಗಳನ್ನಾಡುವವರು ಮಧ್ಯ ಏಷ್ಯಾದ ಕಡೆಯಿಂದ ಬಂದಾಗ ಆ ನೆಲ ಬರಿದಾಗಿರಲಿಲ್ಲ, ಅವರಿಗೂ ಮೊದಲೇ ನೆಲೆಸಿದ್ದ, ಬೇರೆಯೇ ಭಾಷೆಯ ಎಲಾಮರ ನಗರಗಳು ಅಲ್ಲಿದ್ದವು. ಸೈರಸ್ ತನ್ನ ಮನೆತನದವರನ್ನು ಕರೆದದ್ದು ಎಲಾಮರ ಹಳೆಯ ನಗರವಾದ ಅನ್ಶಾನಿನ ಅರಸರೆಂದು. ಡೇರಿಯಸ್ ಕಟ್ಟಿಸಿದ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ ಸಿಕ್ಕ ಸಾವಿರಾರು ಮಣ್ಣಿನ ಹಲಗೆಗಳಲ್ಲಿ ಕೆಲಸಗಾರರಿಗೆ ಅಳೆದುಕೊಟ್ಟ ಧಾನ್ಯ, ದ್ರಾಕ್ಷಾರಸಗಳ ಲೆಕ್ಕ ಬಹುಪಾಲು ಇರುವುದು ಎಲಾಮಿ ಭಾಷೆಯಲ್ಲೇ. ಅರಸರ ಮಾತು ಪಾರಸಿ, ಕರಣಿಕರ ಬರಹ ಎಲಾಮಿ. ಇಂಥಲ್ಲಿ ರಕ್ತವನ್ನು ಬೇರ್ಪಡಿಸುವುದಾದರೂ ಹೇಗೆ?

ಪರ್ಷಿಯನ್ನರ ಗುರುತನ್ನು ಉಳಿಸಿದ್ದು ಭಾಷೆಯೆಂದು ನನ್ನ ತಿಳಿವು. 651ರಲ್ಲಿ, ಅರಬರಿಗೆ ಮುಂಚೆ ಇರಾನನ್ನು ಆಳಿದ ಸಸಾನಿ ವಂಶದ ಕೊನೆಯ ದೊರೆ ಸತ್ತ ಮೇಲೆ ಆಳುವವರು ಅರಬರಾದರು, ಕ್ರಮೇಣ ಧರ್ಮವೂ ಲಿಪಿಯೂ ಬದಲಾದವು. ಈಜಿಪ್ಟಿನ ಜನ ಅರಬ್ಬಿಗೇ ಹೊರಳಿದರು, ಇವರು ಹೊರಳಲಿಲ್ಲ. ಆ ಭಾಷೆಯ ಮಹಾಕಾವ್ಯವಾದ ಷಾನಾಮೆಯನ್ನು 1010ರ ಹೊತ್ತಿಗೆ ಬರೆದು ಮುಗಿಸಿದ ಫಿರ್ದೌಸಿಯ ಊರು ಇರುವುದು ಫಾರ್ಸ್‌ನಲ್ಲಲ್ಲ, ಬಹುದೂರದ ಖುರಾಸಾನಿನ ತೂಸ್‌ನಲ್ಲಿ.