ಒಂದೇ ಅಚ್ಚಿನ ಎರಡು ಮನೆ

ಅಮೆರಿಕದ ಮೇನ್ ರಾಜ್ಯದಲ್ಲಿ ನಾಲ್ಕು ದಿನ ಇದ್ದೆವು. ದೀಪಸ್ತಂಭ ನೋಡಿದ್ದಾಯಿತು, ಸಮುದ್ರ ನೋಡಿದ್ದಾಯಿತು. ಆದರೆ ಊರಿಗೆ ಬಂದ ಮೇಲೂ ಕಣ್ಣಿಗೆ ಕಟ್ಟಿದ ಹಾಗಿರುವುದು ಬ್ರಿಡ್ಜ್‌ಟನ್ ಅನ್ನೋ ಸಣ್ಣ ಊರಿನ ಒಂದು ಗೋಡೆ.

ಪೋರ್ಟ್‌ಲ್ಯಾಂಡ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ರೂಫಸ್ ಪೋರ್ಟರ್ ಮ್ಯೂಸಿಯಂ ಅಲ್ಲಿದೆ. ಮೊದಲ ದಿನ ಹೋದರೆ ಬಾಗಿಲು ಹಾಕಿತ್ತು. ಮೊಬೈಲಿನ ಮ್ಯಾಪ್ ಮಾತ್ರ 'ತೆರೆದಿದೆ' ಅಂತ ತೋರಿಸುತ್ತಲೇ ಇತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಚಳಿಗಾಲದಲ್ಲಂತೂ ಅದು ಮುಚ್ಚಿರುತ್ತೆ, ಬೇಸಿಗೆಯಲ್ಲೂ ದಿನಾ ತೆರೆಯಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ. "ಇಷ್ಟು ದೂರ ಬಂದು ಸುಮ್ನೆ ಹೋಗೋದಾ?" ಅಂದಳು ಹೆಂಡತಿ. ಮಾರನೇ ದಿನ ಮತ್ತೆ ಬಂದೆವು.

ಪೋರ್ಟರ್ ಹುಟ್ಟಿದ್ದು 1792ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ. ಬೆಳೆದಿದ್ದು ಈ ಸೀಮೆಯಲ್ಲಿ. ಊರೂರು ಸುತ್ತಿ, ಜನರ ಮನೆ ಗೋಡೆಗಳ ಮೇಲೆ ಚಿತ್ರ ಬರೆದವನು. ಮ್ಯಾಸಚೂಸೆಟ್ಸ್‌ನದೇ ವೆಸ್ಟ್‌ವುಡ್ ಅನ್ನೋ ಊರಿನ ಒಬ್ಬ ಡಾಕ್ಟರ ಮನೆಗೆ 1838ರಲ್ಲಿ ಬರೆದ ಚಿತ್ರಗಳು ಈಗ ಇಲ್ಲಿವೆ. ಬಂದರು, ಬಿಳಿ ಹಾಯಿಯ ಹಡಗು, ದುಂಡನೆ ಗುಡ್ಡ, ಎತ್ತರದ ಮರ. ಪೋರ್ಟರನ ಸಹಿಯ ಜೊತೆ ಮಗನ ಸಹಿಯೂ ಇದೆ.

ತೋರಿಸಲು ಬಂದವರು ಒಬ್ಬ ಅಜ್ಜಿ. "ಚಿತ್ರದಲ್ಲಿರೋ ಆ ಮನೆಗಳ ಅಂಚು ಹತ್ತಿರದಿಂದ ನೋಡಿ" ಅಂದರು. ನೋಡಿದೆ. ಗೆರೆ ಕತ್ತರಿಸಿದಷ್ಟು ನೇರ. ದೂರದ ಮನೆಯೂ ಅದೇ ಅಳತೆ, ಅದೇ ಕಿಟಕಿ. ಕಾಗದದಲ್ಲಿ ಮನೆಯ ಅಚ್ಚು ಕೊರೆದು, ಅದನ್ನು ಗೋಡೆಗಿಟ್ಟು ಬಣ್ಣ ಒತ್ತಿದ್ದಾನೆ!

"ಹಾಗಾದ್ರೆ ಇದು ಕೈಯಲ್ಲಿ ಬರೆದಿದ್ದಲ್ಲ, ಅಲ್ವಾ?" ಅಂದೆ. ನನಗೆ ಸ್ವಲ್ಪ ನಿರಾಸೆಯಾಗಿತ್ತು.

"ಅವನು ಬಚ್ಚಿಟ್ಟಿರಲಿಲ್ಲವಲ್ಲ" ಅಂದರು ಅಜ್ಜಿ. ಗೋಡೆಗೆ ಚಿತ್ರ ಬರೆಯೋದು ಹೇಗೆ ಅಂತ 1825ರಲ್ಲೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದನಂತೆ. ಫ್ರಾನ್ಸಿನಿಂದ ಬರುವ ಚಿತ್ರದ ಕಾಗದ ಗೋಡೆಗೆ ಅಂಟಿಸೋದು ಹಣವಂತರಿಗೆ ಮಾತ್ರ ಆಗುತ್ತಿತ್ತು. ಇವನ ಲೆಕ್ಕದಲ್ಲಿ ನಡುಮನೆಯ ನಾಲ್ಕೂ ಗೋಡೆಗೆ ಹತ್ತು ಡಾಲರ್, ಐದು ಗಂಟೆ ಸಾಕು. ಹೊಟ್ಟೆಪಾಡಿನ ಗುಟ್ಟನ್ನೇ ಊರಿಗೆಲ್ಲ ಹೇಳಿಕೊಡೋದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು! ನಾನು ಮತ್ತೆ ಆ ಮನೆಗಳ ಮುಂದೆ ಹೋಗಿ ನಿಂತೆ. ಈಗ ಅವು ಬೇರೆಯೇ ಕಂಡವು.

'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ ಶುರು ಮಾಡಿದವನೂ ಇವನೇ, 1845ರಲ್ಲಿ. ಒಂದು ವರ್ಷ ತುಂಬುವ ಮೊದಲೇ ಮಾರಿಬಿಟ್ಟ. ನ್ಯೂಯಾರ್ಕ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಮೂರೇ ದಿನದಲ್ಲಿ ಹಾರುವ ಉಗಿಯಂತ್ರದ ಗಾಳಿಹಡಗು ಕಟ್ಟುತ್ತೇನೆ ಅಂತ 1849ರಲ್ಲಿ ಪುಸ್ತಿಕೆ ಬರೆದ. ಚಿಕ್ಕ ಮಾದರಿ ಹಾರಿತು, ದೊಡ್ಡದು ಹಾರಲೇ ಇಲ್ಲ. ಇದೆಲ್ಲ ಓದಿ ಬೆರಗಾಯಿತು, ಆದರೆ ನನ್ನ ಮನಸ್ಸು ಗೋಡೆಯ ಹತ್ತಿರವೇ ಉಳಿದಿತ್ತು.

ಚಿತ್ರಗಳ ಮುಂಭಾಗದಲ್ಲಿ ಸುಮಾಕ್ ಅನ್ನೋ ಪೊದೆ ಬರೆಯೋದು ಅವನಿಗೆ ಬಲು ಇಷ್ಟವಂತೆ. ವಾಪಸು ಬರುವಾಗ ರಸ್ತೆ ಬದಿಯಲ್ಲಿ ಅದೇ ಪೊದೆ ಸಿಕ್ಕಿತು. ತುದಿಯಲ್ಲಿ ಕೆಂಪು ಗೊಂಚಲು. "ನಿಲ್ಲಿಸಿ, ನಿಲ್ಲಿಸಿ" ಅಂದಳು ಹೆಂಡತಿ. ಕಾರು ಪಕ್ಕಕ್ಕೆ ಹಾಕಿ ಇಬ್ಬರೂ ಇಳಿದೆವು.